ಬಣ್ಣ ಕಲೆಸಿದ ಮೇಲೆ

ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಸೊಸೆಯಾಗಿ ಬಂದ ಭಾನುಪ್ರಿಯಾಗೆ ಹಗಲಿರುಳೂ ಒಂದೇ ಚಿಂತೆ: ಅತ್ತೆ ಅನುಸೂಯಮ್ಮನ ಕಣ್ಣಿನ ಪೊರೆ. ಆಪರೇಷನ್ ತಡವಾದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ್ದರೂ ಆಕೆ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ.

"ನಾನು ಆಸ್ಪತ್ರೇಲಿ ಮಲಕ್ಕೊಂಡ್ರೆ, ಸೀರೇಲಿ ಎಳೆ ತಪ್ಪಿರೋದನ್ನ ನಿಮ್ಮಪ್ಪ ಬಂದು ನೋಡ್ತಾನಾ?"

ಅಪ್ಪ ಯಾಕೆ, ಕಂಪ್ಯೂಟರೇ ನೋಡಲಿ ಎಂದು ಭಾನುಪ್ರಿಯಾ ಹಟ ತೊಟ್ಟಳು. ಬಿ.ಸಿ.ಎ. ಓದಿದ್ದವಳು. ಸೀರೆಗಳ ಫೋಟೋ ತೆಗೆದು, ಚಿಕ್ಕದೊಂದು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಲು ಕೂತಳು. ಚಿತ್ರ ತೋರಿಸುವುದು, ಅದು ಊಹಿಸುವುದು, ಊಹೆ ತಪ್ಪಿದಷ್ಟಕ್ಕೆ ಒಳಗಿನ ಅಂಕಿಗಳನ್ನು ತಿದ್ದುವುದು. ಇಷ್ಟೇ ಕೆಲಸ. ಆದರೆ ಊಹೆಯ ತಪ್ಪು ಇಳಿದಂತೆ ಇಳಿದು ಮತ್ತೆ ಚಂಗನೆ ಮೇಲೇರುತ್ತಿತ್ತು! ತಿದ್ದುವ ಹೆಜ್ಜೆಯನ್ನು ಚಿಕ್ಕದು ಮಾಡಿದರೆ ಇರುವೆಯಂತೆ ತೆವಳುತ್ತಿತ್ತು. ಹಳೇ ಲ್ಯಾಪ್‌ಟಾಪು ಕಾದು ಸುಟ್ಟೇಹೋದರೆ ಎಂದು ಅವಳು ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದಳು.

"ಏನಮ್ಮಾ, ನಿನ್ ಕಂಪ್ಯೂಟರ್ರು ನಮ್ ಮಗ್ಗಕ್ಕಿಂತ ಜೋರಾಗಿ ಬಡ್ಕೊಳ್ತಿದೆ!" ಎಂದು ಗಂಡ ಕಾಂತರಾಜು ನಕ್ಕ.

ಪರೀಕ್ಷಿಸಿದರೆ ಇನ್ನೊಂದು ವಿಚಿತ್ರ. ಗಿಳಿಹಸಿರು ಸೀರೆಯ ತಪ್ಪೆಲ್ಲ ಸಿಕ್ಕಿತು, ಕೆಂಪಿನದು ಒಂದೂ ಸಿಗಲಿಲ್ಲ. ಭಾನುಪ್ರಿಯಾ ಫೋಟೋಗಳನ್ನು ಸಾಲಾಗಿ ನೋಡಿದಳು. ಮೊದಲು ಬರೀ ಕೆಂಪು, ಆಮೇಲೆ ಬರೀ ನೀಲಿ, ಕೊನೆಗೆ ಬರೀ ಹಸಿರು.

"ರೀ! ಮಗ್ಗಕ್ಕೆ ಒಂದು ಹಾಸು ನೂಲು ಏರಿಸಿದ್ರೆ ಅದು ಮುಗಿಯೋವರ್ಗೂ ಒಂದೇ ಬಣ್ಣ ತಾನೇ ನೇಯೋದು? ನಾನೂ ಅದೇ ಸಾಲಲ್ಲಿ ಕಲಿಸ್ಬಿಟ್ಟಿದ್ದೀನಿ ಕಣ್ರೀ! ಹಸಿರು ಕಲೀತಾ ಕಲೀತಾ ಕೆಂಪು ಮರ್ತೇಹೋಗಿದೆ!"

ಎಲ್ಲ ಬಣ್ಣಗಳ ಫೋಟೋಗಳನ್ನೂ ಕಲೆಸಿದಳು. ಹಿಡಿ ಹಿಡಿಯಾಗಿ ತೋರಿಸಿ, ಒಂದೊಂದು ಹಿಡಿಯ ಸರಾಸರಿ ತಪ್ಪಿಗೆ ಒಮ್ಮೆ ತಿದ್ದುವಂತೆ ಮಾಡಿದಳು. ಹೆಜ್ಜೆ ಮೊದಲು ದೊಡ್ಡದು, ಗುರಿ ಹತ್ತಿರವಾದಂತೆ ಚಿಕ್ಕದು. ಪರದೆಯ ಮೇಲಿನ ತಪ್ಪಿನ ಗೆರೆ ಜಾರುಬಂಡೆಯಲ್ಲಿ ಜಾರಿದಂತೆ ಸರ್ರನೆ ಇಳಿಯಿತು. ದಿನವೆಲ್ಲ ತೆವಳಿದ್ದು ಈಗ ಅಡುಗೆ ಮುಗಿಯುವಷ್ಟರಲ್ಲಿ ಆಗಿಹೋಗಿತ್ತು! ಸೌಟು ಹಿಡಿದೇ ಕುಣಿದಳು.

ಅನುಸೂಯಮ್ಮ ಮಾತ್ರ ನಂಬಲಿಲ್ಲ. ಆಗಷ್ಟೇ ಮಗ್ಗದಿಂದ ಇಳಿಸಿದ ಕೆಂಪು ಸೀರೆ ಹರಡಿ, "ಎಲ್ಲಿ, ಹೇಳ್ಸು ನೋಡಣ" ಎಂದರು. ಕಲಿತ ನೆಟ್‌ವರ್ಕನ್ನು ಫೋನಿಗೂ ಹಾಕಿಕೊಂಡಿದ್ದ ಭಾನುಪ್ರಿಯಾ ಫೋಟೋ ತೆಗೆದಳು. ಫೋನು ಸೆರಗಿನ ಹತ್ತಿರ ಒಂದು ಗುರುತು ಹಾಕಿತು. ಆಕೆ ಬಗ್ಗಿ ನೋಡಿದರು, ಕಾಣಲಿಲ್ಲ. ಬೆರಳಾಡಿಸಿದರು. ಬೆರಳು ಗಕ್ಕನೆ ನಿಂತಿತು.

"ಅಯ್ಯೋ, ಇದೆ ಕಣೇ! ನನ್ ಕಣ್ಣಿಗೆ ಬೀಳ್ನೇ ಇಲ್ವಲ್ಲ."

ಭಾನುಪ್ರಿಯಾ ಮೆಲ್ಲಗೆ ಕೇಳಿದಳು. "ಅತ್ತೆ, ಹಂಗಾದ್ರೆ ಆಸ್ಪತ್ರೆಗೆ?"

"ನಾಳೆ ಮಂಗಳವಾರ, ಬ್ಯಾಡ. ಬುಧವಾರ ಹೋಗಣ. ಕೆಂಪು ಮರೀದಂಗೆ ನೋಡ್ಕೊ ನೀನು."

ಅತ್ತೆಯ ಮನಸ್ಸು ಬದಲಾದೀತೆಂಬ ಭಯಕ್ಕೆ, ಅವಳು ಅಲ್ಲೇ ನಿಂತು ಆಸ್ಪತ್ರೆಗೆ ಫೋನು ಹಚ್ಚಿದಳು.