ಮೂರನೆಯ ಮೆರಿಯಲ್‌ನ ಕೊನೆಯ ಸಾಲು

ಹಾಯಿಹಡಗುಗಳ ಕಾಲದ ಬ್ರಿಟಿಷ್ ನೌಕಾಪಡೆಯಲ್ಲಿ ಹಡಗು ಮುಳುಗಿದರೂ ಹೆಸರು ಮುಳುಗುತ್ತಿರಲಿಲ್ಲ. ಅದನ್ನು ಇನ್ನೊಂದು ಹಡಗಿಗೆ ಇಡುತ್ತಿದ್ದರು. ಹೀಗೆ ಒಂದೇ ಹೆಸರಿನಡಿ ಕಲೆತುಹೋದ ಯುದ್ಧನೌಕೆಗಳನ್ನು ಬಿಡಿಸಿ, ಒಂದೊಂದಕ್ಕೂ ಅದರದೇ ಸೇವಾಚರಿತ್ರೆಯನ್ನು ಮರಳಿಸಿಕೊಟ್ಟ ವಿದ್ವಾಂಸರಲ್ಲಿ, ಪ್ಲಿಮತ್‌ನ ನಮ್ಮ ದಾಖಲೆಮನೆಯಿಂದ ಈ ವಸಂತದಲ್ಲಿ ನಿವೃತ್ತರಾದ ಶ್ರೀ ಡೆನ್ಜಿಲ್ ಲಸ್ಕೂಂಬ್ ಅವರು ಮೊದಲ ಪಂಕ್ತಿಯವರು. ಇದನ್ನು ಓದಿ ಅವರು ಕನ್ನಡಕ ಒರೆಸಿಕೊಳ್ಳುತ್ತಾ “ಇದಕ್ಕೆ ಆಧಾರ?” ಎಂದು ಕೇಳುವುದು ಖಂಡಿತ.

ಮೂವತ್ತೆಂಟು ವರ್ಷಗಳ ಹಿಂದೆ ಸೇವೆಗೆ ಸೇರಿದಾಗ ಅವರ ಪಾಲಿಗೆ ಬಂದದ್ದು ‘ಮೆರಿಯಲ್’ ಎಂಬ ಹೆಸರಿನ ಐದು ಹಡಗುಗಳು, ಅವುಗಳ ಚರಿತ್ರೆ ಬರೆದಿಡಲು ಐದು ಕಾರ್ಡುಗಳು. ಆಧಾರವಿದ್ದ ಮಾತಿಗೆ ಶಾಯಿ, ಊಹೆಗೆ ಪೆನ್ಸಿಲ್. ಇದು ನಮ್ಮ ದಾಖಲೆಮನೆಯ ಕಟ್ಟಳೆ. ನಾನು ಸೇರಿದ ಮೊದಲ ವಾರವೇ ಒಂದು ಊಹೆಗೆ ಶಾಯಿ ಬಳಿದಿದ್ದೆ. ಅವರು ಬೈಯಲಿಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಇಡೀ ಕಾರ್ಡನ್ನು ತಾವೇ ಹೊಸದಾಗಿ ಬರೆದು, ಕೆಳಗೆ ನನ್ನ ಹೆಸರನ್ನೇ ಹಾಕಿದರು.

ಅವರೂ ಒಮ್ಮೆ ಎಡವಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಮೂರನೆಯ ಮೆರಿಯಲ್ ೧೭೯೯ರ ಜನವರಿಯಲ್ಲಿ ಪ್ಲಿಮತ್ ಬಿಟ್ಟು, ಫೆಬ್ರವರಿ ಮೂರರಂದು ಮದೀರಾ ದ್ವೀಪದ ಬಳಿ ಕಂಡು, ಮತ್ತೆ ಕಾಣಲಿಲ್ಲ. ಅದರ ಬಡಗಿ ಜಾಗೋ ಪೆಂಗೆಲ್ಲಿಯ ವಂಶದವರಾದ ಫಾಲ್ಮತ್‌ನ ಮಿಸೆಸ್ ಲವ್‌ಡೇ ಪೆಂಗೆಲ್ಲಿ ಅವನ ಗತಿ ಕೇಳಿಕೊಂಡು ಬರುತ್ತಿದ್ದರು. ಸೇವೆಯ ಮೊದಲ ವರ್ಷದಲ್ಲೇ ಲಸ್ಕೂಂಬ್ ಅವರಿಗೆ ಮತ್ತೊಂದು ಹಡಗಿನ ದಿನಚರಿ ಸಿಕ್ಕಿತು: ಮಾರ್ಚ್ ಹದಿನಾಲ್ಕರಂದು, ಸಾಗರದ ಆಚೆ ಬಾರ್ಬಡೋಸ್ ಬಳಿ, ‘ಮೆರಿಯಲ್’ ಎದುರಾಯಿತು. ಶಾಯಿಯಲ್ಲಿ ಬರೆದರು, ಆಕೆಗೂ ಹೇಳಿದರು. ಜಾಗೋ ಆಚೆ ದಡ ಕಂಡಿದ್ದನಲ್ಲ ಎಂಬ ಸಂತೋಷಕ್ಕೆ ಆಕೆ ಪ್ರತಿ ಮಾರ್ಚ್ ಹದಿನಾಲ್ಕಕ್ಕೂ ನಮಗೊಂದು ಡಬ್ಬಿ ಕೇಸರಿ ಬನ್ ಕಳಿಸುತ್ತಿದ್ದರು.

ಹನ್ನೊಂದು ವರ್ಷಗಳ ಹಿಂದೆ ಅದೇ ದಿನಚರಿಯನ್ನು ನಾವಿಬ್ಬರೂ ಇನ್ನೊಮ್ಮೆ ಓದಿದೆವು. ಅಲ್ಲಿ ಕಂಡ ಮೆರಿಯಲ್‌ಗೆ ಹಾಯಿಕಂಬಗಳು ಎರಡು, ನಮ್ಮದಕ್ಕೆ ಮೂರು. ಅಲ್ಲಿನ ನೌಕಾಧಿಪತಿಯೊಬ್ಬ, ಆ ಹೆಸರಿನ ಹಡಗು ಆಗಲೇ ಇದೆಯೆಂದು ತಿಳಿಯದೆ, ಸೆರೆಹಿಡಿದ ಫ್ರೆಂಚ್ ಹಡಗಿಗೂ ಅದನ್ನೇ ಇಟ್ಟಿದ್ದ; ನಮ್ಮ ನಾಲ್ಕನೆಯ ಮೆರಿಯಲ್ ಅದೇ. ತರುಣ ಲಸ್ಕೂಂಬ್ ಹೆಸರು ಕಂಡೊಡನೆ ಹಿಗ್ಗಿ, ಕಂಬ ಎಣಿಸಿರಲಿಲ್ಲ.

“ಒಂದು ಕಾಗದ ಬರೆದ್ರೆ ಸಾಲ್ದಾ ಸರ್?” ಎಂದೆ.

“ಎದುರಿಗೆ ಕೂತು ಹೇಳಿದ್ದು. ಎದುರಿಗೆ ಕೂತೇ ವಾಪಸ್ ತಗೋಬೇಕು.”

ಮರುದಿನ ರೈಲಿನಲ್ಲಿ ನನ್ನನ್ನೂ ಫಾಲ್ಮತ್‌ಗೆ ಕರೆದುಕೊಂಡು ಹೋದರು. ಎಂಬತ್ತು ದಾಟಿದ ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಚಹಾ ಬಗ್ಗಿಸಿದರು.

“ಹಾಗಾದ್ರೆ ಅವನು ದಡ ನೋಡ್ಲಿಲ್ಲ.”

“ನೋಡಿದ ಅನ್ನೋಕೆ ಆಧಾರ ಇಲ್ಲಮ್ಮ.”

“ನೋಡ್ಲಿಲ್ಲ ಅನ್ನೋಕೆ?”

“ಅದಕ್ಕೂ ಇಲ್ಲ.”

“ಇಪ್ಪತ್ತೇಳು ವರ್ಷ ನನ್ನ ಬನ್ ತಿಂದು ಈಗ ಹೇಳ್ತೀಯಲ್ಲಪ್ಪ.” ಆಕೆ ನಕ್ಕರು, ಕಣ್ಣು ಮಾತ್ರ ತುಂಬಿತ್ತು. “ಸರಿ, ಪೆನ್ಸಿಲಲ್ಲೇ ಇರ್ಲಿ. ಹುಡುಕೋದು ಬಿಡಬೇಡ.”

ಹಿಂದಿರುಗುವಾಗ ರೈಲಿನಲ್ಲಿ ಲಸ್ಕೂಂಬ್ ಅವರು ಅತ್ತರು. ಒಬ್ಬ ಬಡಗಿಯ ಬಾಳಿನಿಂದ ಮೂವತ್ತೊಂಬತ್ತು ದಿನ ಕಿತ್ತುಕೊಂಡೆನಲ್ಲ ಎಂಬ ಆ ಕೊರಗು ಅವರನ್ನು ಇಂದಿಗೂ ಬಿಟ್ಟಿಲ್ಲ. ಮುಂದಿನ ಮಾರ್ಚ್‌ನಲ್ಲಿ ಬನ್ನಿನ ಡಬ್ಬಿ ಬರಲಿಲ್ಲ; ಆದರೆ ಅದಕ್ಕೂ ಮೊದಲೇ, ಫೆಬ್ರವರಿ ಮೂರಕ್ಕೆ ಬಂದಿತ್ತು. ಆಕೆ ತೀರಿಕೊಳ್ಳುವವರೆಗೂ ಆ ದಿನವೇ ಬಂತು.

ನಿವೃತ್ತಿಯ ದಿನ ಅವರು ಐದು ಕಾರ್ಡುಗಳನ್ನೂ ನನಗೆ ಒಪ್ಪಿಸಿದರು. ನಾಲ್ಕರ ಕೊನೆಯ ಸಾಲು ಶಾಯಿಯಲ್ಲಿದೆ: ಹಳತಾಗಿ ಕಳಚಿದ್ದು, ಸುಟ್ಟದ್ದು, ಮಾರಿದ್ದು, ಬಂಡೆಗೆ ಬಡಿದದ್ದು. ಮೂರನೆಯದು ಮಾತ್ರ ಪೆನ್ಸಿಲ್.

“ಕೇಳೋರು ಹೋಗಿ ಏಳು ವರ್ಷ ಆಯ್ತು ಸರ್. ‘ಮುಳುಗಿತು’ ಅಂತ ಶಾಯಿ ಹಾಕ್ಲಾ?”

“ನೀನು ನೋಡಿದ್ಯಾ?” ಎಂದು ಕೇಳಿ, ಕೋಟು ಹಾಕಿಕೊಂಡು ಹೊರಟರು.

ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲು ತೆಗೆಯುವ ಮೊದಲೇ ಹೊರಗೆ ನಿಂತಿದ್ದರು, ಸಾಮಾನ್ಯ ಓದುಗರಾಗಿ. ಅವರಿಗೆ ಆಯುರಾರೋಗ್ಯ ತುಂಬಿರಲಿ, ಕಣ್ಣಿಗೆ ಹಳೆಯ ಕೈಬರಹ ಇನ್ನೂ ಬಹುಕಾಲ ಒಲಿಯಲಿ ಎಂದು ಸಹೋದ್ಯೋಗಿಗಳೆಲ್ಲರ ಪರವಾಗಿ ಹಾರೈಸುತ್ತೇನೆ. ಓದುಗರ ಪುಸ್ತಕದಲ್ಲಿ ‘ವಿಷಯ’ ಎಂಬಲ್ಲಿ ಅವರು ‘ಮೂರನೆಯ ಮೆರಿಯಲ್’ ಎಂದು ಶಾಯಿಯಲ್ಲಿ ಬರೆದರು. ‘ಎಷ್ಟು ದಿನ ಬೇಕು’ ಎಂಬಲ್ಲಿಗೆ ಬಂದಾಗ ನನ್ನ ಪೆನ್ಸಿಲ್ ಕೇಳಿದರು.