ಹೆಸರು ಹಿಡಿದು ಕರೆಯದ ನಾಯಿ

“ನಾಯಿಗೆ ಸಾಲಿ ಅಂದ್ರ ನನಗ ಮೊದಲಿಂದ ಸಂಶೇ. ಹುಡುಗರ ಸಾಲಿ ಆದ್ರ ಹುಡುಗ ಮನಿಗೆ ಬಂದು ಏನಾತಂತ ಹೇಳ್ತದ. ಹೊಡದ್ರೋ, ಉಪವಾಸ ಇಟ್ರೋ, ನಾಯಿ ಬಂದು ಏನ ಹೇಳೀತು? ಆ ಕ್ಯಾಂಪಿನಾಂವ ಇಪ್ಪತ್ತೊಂದು ದಿನ ಬಿಟ್ಟು ಹೋಗ್ರಿ, ನಡುವ ಮಾರಿ ತೋರಿಸಬ್ಯಾಡ್ರಿ ಅಂತಾನ. ನೋಡಬಾರದಂಥಾದ್ದು ಒಳಗ ಏನ ನಡೀತದ? ನಾ ಎರಡನೇತ್ತಕ್ಕ ಸಾಲಿ ಬಿಟ್ಟಾಕಿ, ಖರೆ. ಆದ್ರ ಕಿವಿ ಅದಾವ. ಆ ಗೇಟಿನ ಮುಂದ ಒಂದು ತಾಸು ಕುಂತೆ. ಒಳಗ ಹದಿನೈದು ನಾಯಿ ಅದಾವ ಅಂದ. ಪೋಸ್ಟಿನವ ಬಂದ, ಗಂಟಿ ಬಾರಿಸಿದ, ಹಾಲಿನವ ಬಂದ. ಒಂದೂ ಬೊಗಳಲಿಲ್ಲ. ನಾಯಿ ಬೊಗಳೂದ ಮರೀಬೇಕಂದ್ರ ಅವಕ್ಕ ಏನ ಕಲಿಸಿರಬೇಕು, ನೀವ ಹೇಳ್ರಿ.”

೧೯೯೮ರ ಮಳೆಗಾಲ ಮುಗಿಯುವ ಹೊತ್ತಿಗೆ ಶಿವಗಂಗವ್ವ ಈ ಮಾತನ್ನು ಗಂಡ ರಾಜಶೇಖರಪ್ಪನ ಮುಂದೆ ಆಡಿದಳು. ಬಟ್ಟೆ ಅಂಗಡಿಯ ಗುಮಾಸ್ತನಾದ ಆತ ಪೇಪರಿನಿಂದ ತಲೆ ಎತ್ತದೆ, “ಹಂಗಾರ ಬ್ಯಾರೇದ್ದ ನೋಡು,” ಎಂದ.

ಜಮಖಂಡಿಯಿಂದ ಲಗ್ನವಾಗಿ ಬಂದು ಈ ಮರಾಠಿ ಶಹರದ ಸದಾಶಿವ ಪೇಠದಲ್ಲಿ, ಅಂಗಳದ ಸುತ್ತ ಬಾಡಿಗೆ ಮನೆಗಳಿದ್ದ ವಾಡೆಯಲ್ಲಿ ಅವಳಿಗೆ ನಲವತ್ತು ವರ್ಷ ಕಳೆದಿದ್ದವು. ಮರಾಠಿ ಕಲಿತದ್ದೂ ಅಂಗಳದ ನಳದ ಹತ್ತಿರ ನಿಂತು, ನಾಲ್ಕು ಹೆಂಗಸರ ಮಾತು ಕೇಳಿ ಕೇಳಿಯೇ. ನಾಯಿ ಬಂದು ಮೂರು ವರ್ಷವಾಗಿತ್ತು. ಎದುರು ಮನೆಯವರು ವರ್ಗವಾಗಿ ಹೋಗುವಾಗ ಬಿಟ್ಟು ಹೋದ ಕಂದು ನಾಯಿ. ಮಕ್ಕಳಿಲ್ಲದ ಮನೆಯಲ್ಲಿ ಅದು ಅವಳ ಸೀರೆಯ ಅಂಚು ಬಿಡದೆ ಓಡಾಡುತ್ತಿತ್ತು.

ಶ್ರಾವಣದಲ್ಲಿ ಅದು ಗೇಟು ದಾಟಿ ಬೀದಿಗೆ ನುಗ್ಗಿದ್ದರಿಂದ ಒಬ್ಬ ಸ್ಕೂಟರಿನವನು ಬಿದ್ದು ಕೈ ಮುರಿದುಕೊಂಡ. ಶಿವಗಂಗವ್ವ “ಏ, ಹೇ” ಎಂದು ಎಷ್ಟು ಕೂಗಿದರೂ ನಾಯಿ ತಿರುಗಿ ನೋಡಲಿಲ್ಲ. ವಾಡೆಯ ಮಾಲೀಕ ಪಂಢರಿನಾಥ ಮೆಟ್ಟಿಲಿಗೆ ಬಂದು, ಎಂದಿನಂತೆ ಅತ್ತಿಗೆಯೆಂದು ಕರೆದೇ ಹೇಳಿದ: “ವಹಿನಿ, ದಸರೆಯವರೆಗೆ ನೋಡುತ್ತೇನೆ. ಕರೆದರೆ ಬರುವ ನಾಯಿಯಾದರೆ ಇರಲಿ. ಇಲ್ಲದಿದ್ದರೆ ನನ್ನ ಭಾವನ ಹೊಲಕ್ಕೆ ಕಳಿಸಿಬಿಡೋಣ.” ಆ ಹೊಲಕ್ಕೆ ಹೋದ ಹಿಂದಿನ ನಾಯಿ ಏನಾಯಿತೆಂದು ಕೇಳಿದಾಗ ಅವನು ಮಾತು ಬದಲಿಸಿದ್ದನ್ನು ಅವಳು ಮರೆತಿರಲಿಲ್ಲ.

ಇನ್ನೊಂದು ಕ್ಲಾಸು ನದಿ ದಂಡೆಯ ಬಯಲಿನಲ್ಲಿತ್ತು. ನಡೆಸುವವಳು ಭಾಮಾ ಎಂಬ ಮಧ್ಯವಯಸ್ಸಿನ ಮರಾಠಿ ಹೆಂಗಸು. ಶಿವಗಂಗವ್ವ ಮೂರು ದಿನ ಒಬ್ಬಳೇ ಹೋಗಿ ಬೇವಿನ ಮರದ ಹಿಂದೆ ನಿಂತಳು. ಇಲ್ಲಿ ನಾಯಿಗಳು ಮನಸಾರೆ ಬೊಗಳುತ್ತಿದ್ದವು. ಭಾಮಾ ಬೈಯುತ್ತಿದ್ದದ್ದು ನಾಯಿಗಳಿಗಲ್ಲ, ಅವುಗಳ ಹಗ್ಗ ಹಿಡಿದವರಿಗೆ. ಇದೂ ಅನುಮಾನದ್ದೇ ಎನಿಸಿತು. ಫೀಸೂ ಮಂದಿಯಿಂದ, ಬೈಗುಳವೂ ಮಂದಿಗೆ; ಹಾಗಾದರೆ ನಾಯಿಗೆ ಏನು ಕಲಿಸುತ್ತಾಳೆ? ಆದರೂ ನಾಲ್ಕನೆಯ ದಿನ ನಾಯಿಯನ್ನು ಕರೆದೊಯ್ದಳು.

“ಹೆಸರೇನು ಆಜಿ, ನಾಯಿಯದು?” ಭಾಮಾ ಕೇಳಿದಳು.

ಶಿವಗಂಗವ್ವ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

“ಹೆಸರಿಲ್ಲವೇ?”

“ಅದ.”

“ಹಾಗಾದರೆ ಹಗ್ಗ ಬಿಟ್ಟು ಒಮ್ಮೆ ಕರೆಯಿರಿ.”

“ನೀವ ಕರೀರಿ.”

ಭಾಮಾ ಬಗ್ಗಿ ನಾಯಿಯ ಕೊರಳಿನ ಬಿಲ್ಲೆ ನೋಡಿದಳು. “ಇದರ ಮೇಲೆ ಮರಾಠಿ ಮನೆತನದ ಹೆಸರಿದೆ, ನಿಮ್ಮ ಮಾತಿನ ಧಾಟಿ ಕನ್ನಡದ್ದು. ಹೋದ ತಿಂಗಳು ಇಲ್ಲಿಂದಲೇ ಒಂದು ನಾಯಿ ಕಳವಾಯಿತು. ನೀವು ಮೂರು ದಿನದಿಂದ ಮರದ ಹಿಂದೆ ನಿಂತು ನೋಡುತ್ತಿದ್ದಿರಿ. ನಿಜ ಹೇಳಿ, ಇದು ಯಾರ ನಾಯಿ?”

ಇಷ್ಟು ದಿನ ಊರಿನವರನ್ನೆಲ್ಲ ಅನುಮಾನದಿಂದ ನೋಡಿದವಳಿಗೆ ಈಗ ಕಿವಿ ಬಿಸಿಯಾಯಿತು. ಬಿಲ್ಲೆಯ ಮೇಲಿನ ಮೊದಲ ಸಾಲಿಗೆ ಬೆರಳಿಟ್ಟಳು. “ಇದ ಇದರ ಹೆಸರು. ವರ್ಗಾ ಆಗಿ ಹೋಗೂ ಮುಂದ ನಾಯಿ ಬಿಟ್ಟು ಹೋದ ಹಳೇ ಮಾಲಕರು ಇಟ್ಟದ್ದು. ನಮ್ಮ ಮನಿಯವರ್ನೂ ಎಲ್ಲಾರೂ ಹಂಗ ಕರೀತಾರ. ನನ್ನ ಬಾಯಾಗ ಅದು ಬರಬಾರದು. ಅವರೂ ತಮ್ಮ ಹೆಸರು ಹಿಡದು ನಾಯಿನ್ನ ಕರ್ಯಾಂಗಿಲ್ಲ.”

“ರಾಜಾ,” ಎಂದು ಓದಿದಳು ಭಾಮಾ. ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಮೂರು ವರ್ಷದಿಂದ ಕೇಳದ ಹೆಸರು. ಭಾಮಾ ಹಗ್ಗ ಬಿಚ್ಚಿದ್ದೇ ಅದು ನೆಲ ಮೂಸುತ್ತ ದೂರ ಹೋಯಿತು.

“ಮತ್ತೆ ಊಟಕ್ಕೆ ಹೇಗೆ ಕರೆಯುತ್ತೀರಿ?”

ಶಿವಗಂಗವ್ವ ಸೆರಗು ಸರಿಪಡಿಸಿಕೊಂಡಳು. “ಇದನ್ನ ಕರ್ಯಾಂಗಿಲ್ಲ. ಅವರಿಗೆ ‘ಬರ್ರಿ’ ಅಂತೀನಿ. ಇದೂ ಬರ್ತದ.”

ದೂರದಲ್ಲಿ ಹುಲ್ಲು ಮೂಸುತ್ತಿದ್ದ ನಾಯಿ ಓಡಿಬಂದು ಅವಳ ಪಾದಕ್ಕೆ ಒರಗಿ ಕುಳಿತಿತು.

ಭಾಮಾ ನಗಲಿಲ್ಲ. ಅವಳ ಅತ್ತೆಯೂ ಗಂಡನ ಹೆಸರು ಆಡಿದವಳಲ್ಲ. “ಇದೇ ಕರೆ ಸಾಕು. ಆದರೆ ಅಡುಗೆಮನೆಯಲ್ಲಷ್ಟೇ ಅಲ್ಲ, ಬೀದಿಯಲ್ಲೂ ಹೀಗೇ ಗಟ್ಟಿಯಾಗಿ ಕರೆಯಬೇಕು.”

“ಇಷ್ಟ ಹೇಳಾಕ ಫೀಸ್ ಯಾಕ?”

“ನಾಳೆಯಿಂದ ನಿಮಗೂ ಬೈಯುತ್ತೇನಲ್ಲ, ಅದಕ್ಕೆ.”

ಬೈಗುಳ ಎಲ್ಲರೆದುರು ಇರುವುದೇ ಒಳ್ಳೆಯದು ಎನಿಸಿ ಶಿವಗಂಗವ್ವ ಅಲ್ಲೇ ಹೆಸರು ಬರೆಸಿದಳು. ಆದರೂ ದಿನವೂ ಕ್ಲಾಸು ಮುಗಿಯುವವರೆಗೆ ಅಲ್ಲಿಂದ ಕದಲಲಿಲ್ಲ.

ದಸರೆಗೆ ಎರಡು ದಿನವಿರುವಾಗ ಪಂಢರಿನಾಥ ತಾನೇ ಗೇಟು ತೆರೆದು ಬದಿಗೆ ನಿಂತ. ಸ್ಕೂಟರೊಂದು ಹಾದುಹೋಯಿತು, ನಾಯಿ ಹಾರಿತು. “ಬರ್ರಿ,” ಎಂದಳು ಶಿವಗಂಗವ್ವ, ನಲವತ್ತು ವರ್ಷದಲ್ಲಿ ಆ ಅಂಗಳ ಕೇಳದಷ್ಟು ಗಟ್ಟಿಯಾಗಿ. ಹೊಸ್ತಿಲಿನಿಂದಲೇ ನಾಯಿ ತಿರುಗಿತು. ಮಹಡಿಯ ಮೊಗಸಾಲೆಯಲ್ಲಿ ರಾಜಶೇಖರಪ್ಪನೂ ಪೇಪರು ಮಡಚಿ ಎದ್ದು ನಿಂತ.

“ಇರಲಿ ಬಿಡಿ ವಹಿನಿ,” ಎಂದು ಪಂಢರಿನಾಥ ಗೇಟು ಹಾಕಿದ. ಚಿಲಕ ಬಿದ್ದ ಸದ್ದು ಕೇಳುವವರೆಗೆ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಮೇಲೆ ಹೋಗಿ, ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಮೊದಲ ರೊಟ್ಟಿ ಬಡಿಯತೊಡಗಿದಳು.