ಎಮ್ಮೆಗೆ ಕಳಿಸಿದ ಉಪ್ಪು

ಜೋಗಿ ಮಾಮ, ನಿಮ್ಮ ಸಿಮೆಂಟಿನ ಎಮ್ಮೆಯನ್ನು ಒಡೆಯುವ ಮೊದಲು ಪಾರ್ಕಿನವರು ಹೇಳಿ ಕಳಿಸಿದ್ದರು. ಬೇಕಾದರೆ ಬಂದು ತೆಗೆದುಕೊಂಡು ಹೋಗಲಿ ಎಂದು, ನಿಮಗೇ ತಿಳಿಸಬೇಕು ಎಂದು, ನನ್ನ ಕೈಯಲ್ಲೇ ಹೇಳಿ ಕಳಿಸಿದ್ದರು. ನಾನು ಆ ಮಾತನ್ನು ನಿಮಗೆ ಮುಟ್ಟಿಸಲಿಲ್ಲ. ಮರೆತೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ — ಮರೆತಿರಲಿಲ್ಲ. ಬೇಕೆಂದೇ ನುಂಗಿದೆ.

ನೀವು ಹೋಗಿ ವರ್ಷಗಳೇ ಆದವು. ಸತ್ತವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭ, ಅವರು ಎದುರು ಮಾತಾಡುವುದಿಲ್ಲ. ಅದಕ್ಕೇ ಇದನ್ನು ಬಾಯಲ್ಲಿ ಹೇಳದೆ ಬರೆದಿಡುತ್ತಿದ್ದೇನೆ, ಬದುಕಿರುವವರೂ ಓದಲಿ ಎಂದು.

ನಾನು ಗುಂಡ್ಲುಪೇಟೆ ಕಡೆಯವಳು. ಗಂಡನಿಗೆ ಊಟಿಯ ತರಕಾರಿ ಮಂಡಿಯಲ್ಲಿ ಕೆಲಸವಾಯಿತೆಂದು ಕೈಗೂಸನ್ನು ಎತ್ತಿಕೊಂಡು ಘಾಟಿ ಹತ್ತಿ ಬಂದವಳು. ನಿಮ್ಮ ಬಡಗರ ಹಟ್ಟಿಯಲ್ಲಿ, ಸಾಲುಮನೆಗಳ ಕೊನೆಯಲ್ಲಿ, ನಿಮ್ಮ ಮನೆಗೆ ಅಂಟಿಕೊಂಡ ಒಂದೇ ಒಂದು ಕೋಣೆ ನಮಗೆ ಬಾಡಿಗೆಗೆ ಸಿಕ್ಕಿತು. ಅಲ್ಲೇ ಮಲಗಬೇಕು, ಅಲ್ಲೇ ಸೌದೆ ಒಲೆ ಹಚ್ಚಬೇಕು. ಕಿಟಕಿ ತೆಗೆದರೆ ಚಳಿ, ಮುಚ್ಚಿದರೆ ಹೊಗೆ. ನನ್ನ ಮಗಳು ಪುಟ್ಟಿ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದಳು. ಅದನ್ನು ನೋಡಲಾರದೆ ನಿಮ್ಮ ಮಗ ಭೋಜಣ್ಣ ಒಂದು ದಿನ, "ಮುಂದಿನ ಅಂಗಳದಾಗೆ ಒಂದು ಅಡುಗೆಮನೆ ಕಟ್ಟಿಕೊಡ್ತೀನಿ ಸರೋಜಕ್ಕ, ಹೊಗೆಗೂಡು ಇಟ್ಟು" ಎಂದಿದ್ದರು. ಆ ಮಾತನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡಂತೆ ಇಟ್ಟುಕೊಂಡಿದ್ದೆ. ಇದು ನೆಪವಲ್ಲ ಮಾಮ. ನೆಪವಾಗಿ ಹೇಳುತ್ತಿಲ್ಲ. ಆಗ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಏನು ಎಂದು ಹೇಳುತ್ತಿದ್ದೇನೆ, ಅಷ್ಟೇ.

ಊಟಿಯ ಹೊರಗಿನ ಆ ಪ್ರಾಣಿಗಳ ಪಾರ್ಕಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವರೂ ನೀವೇ. ಅಲ್ಲಿ ಜೀವವಿದ್ದ ಪ್ರಾಣಿ ಎಂದರೆ ಸವಾರಿಯ ಎರಡು ಮಟ್ಟಕುದುರೆ, ಗೂಡಿನಲ್ಲಿ ನಾಲ್ಕು ಮೊಲ. ಉಳಿದದ್ದೆಲ್ಲ ನಿಮ್ಮ ಕೈಕೆಲಸ, ಕಂಬಿ ಬಗ್ಗಿಸಿ ಜಾಲರಿ ಸುತ್ತಿ ಸಿಮೆಂಟು ಮೆತ್ತಿ ಮಾಡಿದ್ದು. ಸಿಂಹ, ಜಿರಾಫೆ, ಬೆನ್ನ ಮೇಲಿಂದ ಮಕ್ಕಳು ಜಾರುವ ಆನೆ. ನೀವು ಕಣ್ಣಾರೆ ಕಂಡಿರದ ಕಾಂಗರೂ ಒಂದಿತ್ತು, ಅದರ ಮುಖ ನಮ್ಮ ಹಟ್ಟಿಯ ನಾಯಿಯ ಮುಖವೇ. ಎಲ್ಲಕ್ಕಿಂತ ಹಿಂದೆ, ನೀಲಗಿರಿ ಮರಗಳ ಬುಡದಲ್ಲಿ, ಯಾರೂ ಹೇಳದೆ ನೀವಾಗಿ ಮಾಡಿದ ಎಮ್ಮೆ. ಕಾಸು ಕೊಟ್ಟು ಎಮ್ಮೆ ನೋಡೋಕೆ ಯಾರಯ್ಯಾ ಬರ್ತಾರೆ ಎಂದು ಆಗಿನ ಯಜಮಾನರು ರೇಗಿದ್ದರಂತೆ. ಮಿಕ್ಕಿದ ಸಿಮೆಂಟು ಸ್ವಾಮಿ, ಇರಲಿ ಬಿಡಿ ಎಂದಿರಂತೆ ನೀವು.

ಮಿಕ್ಕಿದ ಸಿಮೆಂಟಲ್ಲ ಅದು. ನಿಮ್ಮ ಮನೆಯ ಹುಲ್ಲುಗಾವಲೆಲ್ಲ ಟೀ ತೋಟವಾದಾಗ ಕೊನೆಗೆ ಉಳಿದಿದ್ದ ಎಮ್ಮೆ ಚೆನ್ನಿ. ಅದನ್ನು ಕೆಳಗಿನ ಸಂತೆಗೆ ಹೊಡೆದುಕೊಂಡು ಹೋಗಿ ಹಗ್ಗ ಇನ್ನೊಬ್ಬರ ಕೈಗೆ ಕೊಟ್ಟವರು ನೀವು. ಹಿಂತಿರುಗುವಾಗ ಅದು ಕೂಗಿತಂತೆ. ಅದರ ಎಡಗಿವಿಯಲ್ಲಿ ನಾಯಿ ಕಚ್ಚಿದ ಸೀಳು ಇತ್ತು. ಸಿಮೆಂಟಿನ ಎಮ್ಮೆಯ ಎಡಗಿವಿಯಲ್ಲೂ ಆ ಸೀಳನ್ನು ಮೂಡಿಸಿದ್ದಿರಿ ನೀವು. ನಿಮ್ಮವರು ದನ ಎಮ್ಮೆಗಳಿಗೆ ಉಪ್ಪುನೀರು ಕುಡಿಸುವ ಹಬ್ಬ ಬಂದಾಗಲೆಲ್ಲ ಒಂದು ಹಿಡಿ ಕಲ್ಲುಪ್ಪು ಒಯ್ದು ಅದರ ತೆರೆದ ಬಾಯಲ್ಲಿ ಇಟ್ಟು ಬರುತ್ತಿದ್ದಿರಿ. ನೋಡಿದವರು ನಗುತ್ತಿದ್ದರು. ನಾನೂ ನಕ್ಕಿದ್ದೆ. "ನೀವು ಬೆನ್ನು ತಿರುಗಿಸಿದ ಕೂಡ್ಲೇ ಮಟ್ಟಕುದುರೆ ಬಂದು ನೆಕ್ಕಬುಡ್ತದೆ ಮಾಮ" ಎಂದಿದ್ದೆ.

"ನೆಕ್ಕಲಿ ಬುಡು, ಅದಕೂ ಯಾರು ಕೊಡ್ತಾರೆ" ಎಂದಿರಿ.

ಆಮೇಲೆ ನಿಮ್ಮ ಕಣ್ಣು ಮಂಜಾಯಿತು, ಮೊಣಕಾಲು ಬಿದ್ದುಹೋಯಿತು. ಆ ವರ್ಷ ಪಾರ್ಕು ಬೇರೆಯವರ ಕೈಗೆ ಹೋಗಿ, ಹೊಸದು ಮಾಡುತ್ತಾರೆಂದು ಬಾಗಿಲು ಹಾಕಿದ್ದರು. ನಿಮಗೆ ಅದೊಂದು ಲೆಕ್ಕಕ್ಕೇ ಬರಲಿಲ್ಲ. ಹಬ್ಬದ ಬೆಳಿಗ್ಗೆ ಬಾಳೆಲೆ ಚೂರಿನಲ್ಲಿ ಉಪ್ಪು ಕಟ್ಟಿ ನನ್ನ ಕೈಯಲ್ಲಿಟ್ಟು, "ಎಮ್ಮೆಗ ಕೊಟ್ಟು ಬಾ ಮಗಳೇ" ಎಂದಿರಿ. ನಿಮ್ಮ ಸ್ವಂತ ಮಗಳು ಕೀಳ್ ಕೋತಗಿರಿಯಲ್ಲಿ ಸಂಸಾರ ಮಾಡಿಕೊಂಡಿದ್ದಳು. ಆ ಮಗಳೇ ಎನ್ನುವ ಮಾತನ್ನು ನಾನು ಬಂದ ಮೇಲೆ ನನಗೆ ಕೊಟ್ಟಿದ್ದಿರಿ.

ಪಾರ್ಕಿನ ಸುತ್ತ ತಗಡು ನಿಲ್ಲಿಸಿದ್ದರು. ಒಳಗೆ ಸುತ್ತಿಗೆಯ ಸದ್ದು. ಉಪ್ಪಿನ ಪೊಟ್ಟಣ ಕೈಯಲ್ಲಿ ಹಿಡಿದು ನಿಂತ ನನ್ನನ್ನು ಕೆಲಸ ನೋಡಿಕೊಳ್ಳುವ ತಮಿಳಿನವರೊಬ್ಬರು ತಡೆದರು. ಜೋಗಿ ಮೇಸ್ತ್ರಿ ಮನೆಯಿಂದ ಬಂದಿದ್ದೇನೆ ಎಂದೆ. ಅವರ ಮುಖ ಬದಲಾಯಿತು. ಒಳಗೆ ಬಿಟ್ಟರು. ಜಿರಾಫೆಯ ಕುತ್ತಿಗೆ ನೆಲದ ಮೇಲೆ ಬಿದ್ದಿತ್ತು, ಸಿಂಹ ಸೊಂಟದಿಂದ ಕೆಳಗೆ ಬರೀ ಕಂಬಿಯಾಗಿ ನಿಂತಿತ್ತು. ಒಂದು ಕಡೆ ಪ್ಲಾಸ್ಟಿಕ್ ಸುತ್ತಿದ ಹೊಸ ಪ್ರಾಣಿಗಳನ್ನು ಇಳಿಸಿದ್ದರು, ಫೈಬರಿನವು. ಎಮ್ಮೆ ಮಾತ್ರ ತನ್ನ ಮೂಲೆಯಲ್ಲಿ ಹಾಗೇ ಇತ್ತು. ಅದರ ಸರದಿ ಬಂದಿರಲಿಲ್ಲ.

ಅದರ ಬಾಯಲ್ಲಿ ಉಪ್ಪು ಇಟ್ಟೆ. ಬೆಳಗಿನ ಹಿಮಕ್ಕೆ ಸಿಮೆಂಟು ಕೊರೆಯುತ್ತಿತ್ತು, ಕೈ ಸೆಟೆದುಹೋಯಿತು.

ಹೊರಡುವಾಗ ಅವರು ಹಿಂದೆಯೇ ಬಂದರು. "ಮೇಸ್ತ್ರಿಕ್ಕಿಟ್ಟ ಸೊಲ್ಲುಂಗಮ್ಮಾ", ಮೇಸ್ತ್ರಿಗೆ ಹೇಳಮ್ಮಾ ಎಂದರು. ಆ ಎಮ್ಮೆ ಬೇಕಾದರೆ ಭಾನುವಾರದೊಳಗೆ ಟೆಂಪೊ ತಂದು ಒಯ್ಯಲಿ, ಎತ್ತಿಕೊಡಲು ನಮ್ಮ ಜನರನ್ನೇ ಕೊಡುತ್ತೇನೆ, ಇಷ್ಟೆಲ್ಲ ಕಟ್ಟಿದ ಮನುಷ್ಯ ಅವರು ಎಂದರು. ಸೋಮವಾರ ಉಳಿದದ್ದೆಲ್ಲ ಒಡೆಯುತ್ತೇವೆ. ಅಡಿಪಾಯಕ್ಕೆ ತುಂಬಲು ಚೂರು ಬೇಕಾದವರು ಆಮೇಲೆ ಬಂದು ಸುಮ್ಮನೆ ಹೊತ್ತುಕೊಂಡು ಹೋಗಬಹುದು ಎಂದೂ ಹೇಳಿದರು. ಎರಡು ಮಾತು. ಎರಡನ್ನೂ ನಾನು ನೆಟ್ಟಗೆ ಕೇಳಿಸಿಕೊಂಡೆ.

ಬಸ್ಸಿನಲ್ಲಿ ಕುಳಿತಾಗ — ಮಾಮ, ಆ ಅರ್ಧ ಗಂಟೆಯನ್ನು ನಾನು ಎಷ್ಟು ಸಲ ತಿರುಗಿ ಬದುಕಿದ್ದೇನೋ — ಮೊದಲು ಸಂತೋಷವೇ ಆಯಿತು. ನಿಮ್ಮ ಮುಖ ನೆನೆದು ಸಂತೋಷವಾಯಿತು. ಆಮೇಲೆ ಆ ಎಮ್ಮೆಯನ್ನು ಎಲ್ಲಿ ನಿಲ್ಲಿಸುತ್ತಾರೆ ಎಂದು ಯೋಚಿಸಿದೆ. ಇಳಿಜಾರಿನ ಹಟ್ಟಿ, ಮನೆಯ ಮುಂದೆ ಹಿಡಿಯಷ್ಟು ಅಂಗಳ. ಎಮ್ಮೆ ಬಂದರೆ ಅಡುಗೆಮನೆಗೆ ಜಾಗವೆಲ್ಲಿ? ನೀವು ಅದನ್ನು ಅಂಗಳದಲ್ಲಲ್ಲದೆ ಬೇರೆಲ್ಲೂ ನಿಲ್ಲಿಸಲು ಬಿಡುವುದಿಲ್ಲ, ನಿಮ್ಮ ಮಾತನ್ನು ಭೋಜಣ್ಣ ಮೀರುವುದಿಲ್ಲ. ಹೀಗೆಂದು ನಾನೇ ಕೇಳಿ, ನಾನೇ ಉತ್ತರ ಹೇಳಿಕೊಂಡೆ. ಇಳಿಯುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು.

ನೀವು ಬಾಗಿಲಲ್ಲೇ ಕಾದಿದ್ದಿರಿ. "ಉಪ್ಪ ಕೊಟ್ಟೆಯಾ? ಒಳ್ಳೆಂಗ ಇದೆಯಾ?"

"ಕೊಟ್ಟೆ. ಪೇಂಟ್ ಹೊಡೀತಾವ್ರೆ ಮಾಮ. ಎಮ್ಮೆ ಚೆಂದಾಗದೆ."

ನಿಮ್ಮ ಮುಖ ಅರಳಿತು. ಕರೀ ಬಣ್ಣ ಹೊಡೆಯಬೇಡಿ ಎಂದು ಹೇಳಬೇಕಿತ್ತು, ಚೆನ್ನಿ ಬೂದಿ ಬಣ್ಣ ಎಂದಿರಿ. "ಹೇಳಿವ್ನಿ ಮಾಮ" ಎಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆಗಿರಲಿ ಎಂಬಂತೆ, ಕೇಳುವ ಮೊದಲೇ ಬಾಯಿಂದ ಬಂತು.

ಭಾನುವಾರ ಕಳೆಯುವವರೆಗೆ ಕಾದೆ. ಸೋಮವಾರ ಸಂಜೆ ಭೋಜಣ್ಣನ ಹತ್ತಿರ ಹೋಗಿ ಎರಡನೆಯ ಮಾತನ್ನು ಮಾತ್ರ ಹೇಳಿದೆ: ಪಾರ್ಕಿನವರು ಹಳೆಯದನ್ನೆಲ್ಲ ಒಡೆದಿದ್ದಾರೆ, ಚೂರು ಸುಮ್ಮನೆ ಕೊಡುತ್ತಾರಂತೆ, ಅಡುಗೆಮನೆ ಅಡಿಪಾಯಕ್ಕೆ ಆಗುತ್ತದೆ. ನಿಮಗೆ ಹೇಳುವುದು ಬೇಡ, ನೊಂದುಕೊಳ್ಳುತ್ತೀರಿ ಎಂದೂ ಸೇರಿಸಿದೆ. ಪಾಪ, ಅವರು ನನ್ನನ್ನು ಕರುಣೆಯವಳು ಎಂದುಕೊಂಡರು. ಮಾರನೆಯ ದಿನವೇ ಟೆಂಪೊದಲ್ಲಿ ಚೂರು ತಂದು ಅಂಗಳದಲ್ಲಿ ಸುರಿಸಿದರು. ಏನು ಸದ್ದು ಎಂದು ನೀವು ಕೇಳಿದಿರಿ. ಅಡುಗೆಮನೆಗೆ ಕಲ್ಲು ಬಂತು ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ, "ಮುಂಚೆನೇ ಗೊತ್ತಿದ್ರೆ ಅಪ್ಪನ ಎಮ್ಮೆ ಒಂದನ್ನಾದ್ರೂ ತಂದಿರ್ತಿದ್ದೆ ಸರೋಜಕ್ಕ. ಅಡುಗೆಮನೇನ ಹಿಂದ್ಗಡೆ ಕಟ್ಟಿದ್ರೂ ಆಗ್ತಿತ್ತು" ಎಂದರು.

ಹಿಂದ್ಗಡೆ. ಮನೆಯ ಹಿಂದೆ, ಸೌದೆ ಒಟ್ಟುವ ಜಾಗದಲ್ಲಿ. ನಾನು ದಿನಾ ಸೌದೆ ತೆಗೆಯುತ್ತಿದ್ದ ಜಾಗ, ನನಗೇ ಹೊಳೆದಿರಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ಎರಡೂ ಆಗುತ್ತಿತ್ತು — ಎಮ್ಮೆಯೂ, ಅಡುಗೆಮನೆಯೂ. ಕೇಳಲಿಲ್ಲವಲ್ಲ.

ಮರುದಿನ ಆಳುಗಳ ಜೊತೆ ಚೂರು ಎತ್ತಿಹಾಕುವಾಗ ಅದು ಕಂಡಿತು. ಅಂಗೈಗಿಂತ ದೊಡ್ಡ ಕಿವಿ, ಅದರಲ್ಲಿ ಸೀಳು. ಯಾರೂ ನೋಡುವ ಮೊದಲು ಕಾಲಿನಿಂದ ಗುಂಡಿಗೆ ತಳ್ಳಿ, ಒಂದು ಬುಟ್ಟಿ ಮಣ್ಣು ಸುರಿದೆ. ನೀವು ಹತ್ತು ಹೆಜ್ಜೆ ಆಚೆ ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಾ ಕುಳಿತಿದ್ದಿರಿ.

ಮುಂದಿನ ವರ್ಷದ ಹಬ್ಬಕ್ಕೆ ಮತ್ತೆ ಉಪ್ಪು ಕಟ್ಟಿಕೊಟ್ಟಿರಿ. ಪಾರ್ಕಿನ ಕಡೆ ಹೋಗಲಿಲ್ಲ. ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿ ಬಂದು, ಕೊಟ್ಟೆ ಎಂದೆ. ಆ ಉಪ್ಪನ್ನು ಎಸೆಯಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲು ಧೈರ್ಯವಿರಲಿಲ್ಲ. ಹೊಸ ಅಡುಗೆಮನೆಯಲ್ಲಿ ಸಾರಿಗೆ ಹಾಕಿಬಿಟ್ಟೆ. ಆ ಸಾರನ್ನೇ ಒಂದು ಲೋಟ ನಿಮಗೂ ತಂದುಕೊಟ್ಟೆ. ಚೆನ್ನಾಗಿದೆ ಎಂದು ಕುಡಿದಿರಿ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ ನಮ್ಮ ಕಡೆ. ನನಗೆ ಆ ನೀರು ಮುಂದಿನ ವರ್ಷಕ್ಕೆ ಕಾದಿತ್ತು.

ಪಾರ್ಕು ತೆರೆಯಿತು. ಮೂರನೆಯ ಹಬ್ಬದ ಬೆಳಿಗ್ಗೆ ನೀವು ಬಿಳಿ ಮುಂಡಾಸು ಸುತ್ತಿ ಎದ್ದು ನಿಂತು, ಈ ಸಲ ನಾನೇ ಕೊಡುತ್ತೇನೆ, ಕರೆದುಕೊಂಡು ಹೋಗು ಎಂದಿರಿ. ಮಳೆ ಎಂದೆ. ಮಳೆ ಇಲ್ಲ ಎಂದಿರಿ. ಪುಟ್ಟಿಗೆ ಜ್ವರ ಎಂದೆ. ಅವಳು ನಿಮ್ಮ ಪಕ್ಕದಲ್ಲೇ ಕುಣಿಯುತ್ತಿದ್ದಳು. ಆಗಲಾದರೂ ನಿಜ ಹೇಳಬಹುದಿತ್ತು. ಹೇಳದೆ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋದೆ.

ಒಳಗೆ ಹಾಡು, ತಿರುಗುವ ಕುದುರೆಗಳು, ಬಣ್ಣ ಬಣ್ಣದ ಟೊಪ್ಪಿಯ ಮಕ್ಕಳು. ನಿಮ್ಮ ಎಮ್ಮೆ ಇದ್ದ ಮೂಲೆಯ ಹತ್ತಿರ ಫೈಬರಿನ ಕಾಡೆಮ್ಮೆ ಒಂದನ್ನು ನಿಲ್ಲಿಸಿದ್ದರು. ನಿಮ್ಮ ಕೈ ಹಿಡಿದು ಅದರ ಮುಂದೆ ನಿಲ್ಲಿಸಿದೆ. "ಇಲ್ಲೇ ಅದೆ ಮಾಮ" ಎಂದೆ.



ನಿಮ್ಮ ಕೈ ಮೊದಲು ಬೆನ್ನಿನ ಮೇಲೆ ಹೋಯಿತು, ಅಲ್ಲಿಂದ ಕುತ್ತಿಗೆಗೆ, ಅಲ್ಲಿಂದ ಎಡಗಿವಿಗೆ. ಕಿವಿಯ ಅಂಚಿನ ಸುತ್ತ ಬೆರಳು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಸೀಳಿಲ್ಲ. ಬಾಯಿಯ ಹತ್ತಿರ ಉಪ್ಪು ಹಿಡಿದಿರಿ. ಬಾಯಿ ಮುಚ್ಚಿತ್ತು; ಉಪ್ಪು ಹುಲ್ಲಿನ ಮೇಲೆ ಬಿತ್ತು. ಅಂಗೈಯನ್ನು ಅದರ ಹಣೆಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತಿರಿ.

"ಇದಕ ಚಳಿ ಇಲ್ಲೆ ಮಗಳೇ" ಎಂದಿರಿ.

ಬಿದ್ದ ಉಪ್ಪನ್ನು ಹೆಕ್ಕಲು ನಾನು ಬಗ್ಗಿದೆ. "ಸಾಕು. ಮನೆಗ ಹೋಗೋಣ" ಎಂದಿರಿ. ದಾರಿಯುದ್ದಕ್ಕೂ ನನ್ನ ಕೈಯನ್ನು ಬಿಡಲಿಲ್ಲ. ಬೈದಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆ. ಬೈಯಲಿಲ್ಲ, ಭೋಜಣ್ಣನಿಗೂ ಹೇಳಲಿಲ್ಲ, ಮಗಳೇ ಎಂದು ಕರೆಯುವುದನ್ನೂ ನಿಲ್ಲಿಸಲಿಲ್ಲ. ಉಪ್ಪು ಕಟ್ಟಿಕೊಡುವುದನ್ನು ಮಾತ್ರ ನಿಲ್ಲಿಸಿದಿರಿ.

ಒಂದು ದಿನ ಅಡುಗೆಮನೆಯ ಹೊಸಿಲ ಮೇಲೆ ಬಂದು ಕುಳಿತು ಕೇಳಿದಿರಿ: "ಮಗುಗ ಕೆಮ್ಮು ನಿಂತುತಾ?"

"ನಿಂತದೆ ಮಾಮ."

"ಅದು ಸಾಕು."

ನಿಮಗೆ ಎಷ್ಟು ಗೊತ್ತಿತ್ತೋ ನನಗೆ ಗೊತ್ತಿಲ್ಲ. ಎಮ್ಮೆ ನಿಮ್ಮ ಕಾಲಡಿಯಲ್ಲೇ ಇತ್ತು, ನೀವು ಕುಳಿತಿದ್ದ ಹೊಸಿಲಿನಿಂದ ಒಂದು ಮಾರು ಒಳಗೆ. ಅಷ್ಟನ್ನಾದರೂ ಹೇಳಬಹುದಿತ್ತು ನಾನು. ಸಾಕು ಎಂದಿರಿ ನೀವು. ನನಗೆ ಸಾಕಾಗಿಲ್ಲ ಮಾಮ, ಇವತ್ತಿಗೂ ಸಾಕಾಗಿಲ್ಲ.

ಆ ಚಳಿಗಾಲದಲ್ಲೇ ನೀವು ಹೋದಿರಿ. ನಿಮ್ಮವರ ಕ್ರಮದಂತೆ ಹಿರಿಯರೊಬ್ಬರು ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಕೂಗಿ ಹೇಳಿದರು. ಎಲ್ಲ ಒಂದು ಕರುವಿನ ಮೇಲೆ ಹೋಗಿ ಸತ್ತವರು ಹಗುರಾಗಲಿ ಎಂದು. ಕರು ಈಗ ಇರುವುದಿಲ್ಲ, ಮಾತಷ್ಟೇ ಉಳಿದಿದೆ. ಗಡಿಕಲ್ಲು ಸರಿಸಿದ್ದು, ಅಣ್ಣತಮ್ಮಂದಿರನ್ನು ಅಗಲಿಸಿದ್ದು, ಹಲ್ಲಿ ಕೊಂದದ್ದು — ಪ್ರತಿಯೊಂದಕ್ಕೂ ಸೇರಿದವರೆಲ್ಲ ಪಾಪ, ಪಾಪ ಎಂದು ದನಿಗೂಡಿಸುತ್ತಿದ್ದರು. ನಾನು ಹೊರಗಿನವಳು, ಹೆಂಗಸರ ಹಿಂದೆ ನಿಂತಿದ್ದೆ. ನೀವು ಮಾಡದ ಪಾಪಗಳಿಗೆಲ್ಲ ನಿಮ್ಮ ಹೆಸರು ಸೇರುತ್ತಿತ್ತು. ನಾನು ಮಾಡಿದ್ದು ಆ ಪಟ್ಟಿಯಲ್ಲಿ ಇರಲಿಲ್ಲ. ಅಂಗಳದಲ್ಲಿ ನಿಂತು ಒಂದು ಸಲ ಕೂಗಿಬಿಡಬೇಕು ಅನ್ನಿಸಿತು. ಎಲ್ಲರ ಜೊತೆ ಪಾಪ, ಪಾಪ ಎಂದಷ್ಟೇ ದನಿಗೂಡಿಸಿದೆ.

ಈಗಲೂ ನಾವು ಅದೇ ಮನೆಯಲ್ಲಿದ್ದೇವೆ. ಪುಟ್ಟಿ ಬೆಳೆದು ಕುನ್ನೂರಿನಲ್ಲಿ ನರ್ಸ್ ಆಗಿದ್ದಾಳೆ, ಅವಳಿಗೆ ಆ ಕೆಮ್ಮಿನ ನೆನಪೇ ಇಲ್ಲ. ನಾನು ದಿನಾ ನಿಮ್ಮ ಚೆನ್ನಿಯ ಮೇಲೆ ನಿಂತು ಅನ್ನ ಬೇಯಿಸುತ್ತೇನೆ. ಚಳಿಗೆ ಆ ನೆಲ ಬರಿಗಾಲನ್ನು ಕೊರೆಯುತ್ತದೆ; ಗಂಡ ಚಾಪೆ ಹಾಸಿಕೋ ಅನ್ನುತ್ತಾರೆ, ಹಾಸಿಲ್ಲ.

ಬರುವ ಉಪ್ಪಿನ ಹಬ್ಬದ ಬೆಳಿಗ್ಗೆ ಭೋಜಣ್ಣನನ್ನು ಕರೆದು ಇದನ್ನು ಓದಿ ಹೇಳುತ್ತೇನೆ. ಅವರು ಮನೆ ಬಿಡು ಎಂದರೆ ಬಿಡುತ್ತೇನೆ. ಹಾರೆ ತಂದರೆ ಒಲೆಯ ಎಡಕ್ಕೆ, ನೀರಿನ ಕೊಡ ಇಡುವ ಜಾಗದಿಂದ ಅಗೆಯಲು ಶುರುಮಾಡಿ ಎಂದು ನಾನೇ ತೋರಿಸುತ್ತೇನೆ. ಕಿವಿ ಇರುವುದು ಅಲ್ಲಿ.